ಪರವಾನಗಿಗೊಬ್ಬ ಶತ್ರು

ಸರ್ಕಾರಿ ಅರ್ಜಿಗಳ ಮೇಲೆ ನನಗೆ ಗೌರವವಿದೆ. ಹೆಸರು, ತಂದೆಯ ಹೆಸರು, ವಯಸ್ಸು ಎಂದು ಅವು ಕೇಳುವುದೆಲ್ಲ ನನಗೆ ಖಚಿತವಾಗಿ ಗೊತ್ತಿರುವ ಸಂಗತಿಗಳೇ ಆದ್ದರಿಂದ, ನೂರಕ್ಕೆ ನೂರು ಅಂಕ ಪಡೆಯುವ ಯೋಗ ನನ್ನಂಥ ನಿವೃತ್ತ ಸಂಸ್ಕೃತ ಅಧ್ಯಾಪಕನಿಗೆ ಅಲ್ಲಿ ಮಾತ್ರ ಉಂಟು. ಈ ವರ್ಷ ಆಯುಧ ಪರವಾನಗಿಯ ನವೀಕರಣಕ್ಕೆ ಹೋದಾಗ ಮಾತ್ರ ಒಂದು ಪ್ರಶ್ನೆಗೆ ಸೋತೆ: ‘ಯಾರಿಂದ ಪ್ರಾಣಭಯವಿದೆ?’

ಆಯುಧವೆಂದರೆ ಗಾಬರಿಯಾಗಬೇಡಿ. ಹತ್ತೊಂಬತ್ತನೆಯ ಶತಮಾನದ, ಜೇಬಿಗೆ ಹಿಡಿಸುವ ಎರಡು ರಿವಾಲ್ವರುಗಳು, ಅಷ್ಟೆ. ಎರಡು ಸೇರಿದರೆ ಸಂಗ್ರಹವೆಂಬುದು ನನ್ನ ವಾದ. ಜೊತೆ ಎನ್ನುತ್ತಾಳೆ ನನ್ನ ಹೆಂಡತಿ, ಚಪ್ಪಲಿಗೆ ಹೇಳುವ ಹಾಗೆ. ಒಂದು, ಅರಮನೆಯಲ್ಲಿ ಪುರಾಣ ಓದುತ್ತಿದ್ದ ಮುತ್ತಜ್ಜನಿಗೆ ಬಂದದ್ದು. ಶಾಲು ಹೊದಿಸುವ ಬದಲು ಇದನ್ನೇಕೆ ಕೊಟ್ಟರೋ, ಓದು ಹೇಗಿತ್ತೋ, ನಮ್ಮ ಮನೆಯಲ್ಲಿ ಯಾರೂ ಚರ್ಚಿಸುವುದಿಲ್ಲ. ಅದರ ಒಂಟಿತನ ನೋಡಲಾರದೆ ಇನ್ನೊಂದನ್ನು ಸೋದರಮಾವನಿಂದ ಕಾಗದಪತ್ರ ಸಮೇತ ಬರಮಾಡಿಕೊಂಡೆ. ಅವುಗಳ ಕೊಳವೆಯ ಮೇಲೆ ಯಾವ ದೇಶದ ಕುಶಲಕರ್ಮಿಯೋ ಕೆತ್ತಿದ ಬಳ್ಳಿ, ಬಳ್ಳಿಯ ನಡುವೆ ಸಾಸಿವೆಯಷ್ಟು ಕಣ್ಣಿನ ಹಕ್ಕಿ. ಕೊಲ್ಲುವ ವಸ್ತುವಿನ ಮೇಲೆ ಇಷ್ಟು ಅಕ್ಕರೆಯಿಂದ ಹಕ್ಕಿ ಬಿಡಿಸಿದವನು ಎಂಥವನಿರಬೇಕೆಂದು ಭೂತಗನ್ನಡಿ ಹಿಡಿದು ಯೋಚಿಸುವುದರಲ್ಲೇ ನನ್ನ ಭಾನುವಾರಗಳು ಕಳೆದಿವೆ. ಇವಕ್ಕೆ ಹೊಂದುವ ಗುಂಡು ಈಗ ಎಲ್ಲಿಯೂ ಸಿಗುವುದಿಲ್ಲವೆಂದು ಕಚೇರಿಯಲ್ಲಿ ವಿವರಿಸಿದೆ. ‘ಶತ್ರು ಯಾರೂಂತ ಬರೀರಿ ಸಾರ್, ಇಲ್ಲಾಂದ್ರೆ ಎರಡನ್ನೂ ಸ್ಟೇಷನ್‌ಗೆ ಒಪ್ಪಿಸ್ಬೇಕಾಗುತ್ತೆ’ ಎಂದರು ಗುಮಾಸ್ತರು.

ಮೂರು ದಿನ ಹುಡುಕಿದೆ. ಮೂವತ್ತು ವರ್ಷ ವ್ಯಾಕರಣ ಕಲಿಸಿದವನಿಗೆ ಒಬ್ಬ ಶತ್ರುವೂ ಇಲ್ಲವೆಂದರೆ ಅವನು ಸರಿಯಾಗಿ ಕಲಿಸಿಲ್ಲವೆಂದೇ ಅರ್ಥ. ಕೊನೆಗೆ ರಾಮಕೃಷ್ಣನಗರದ ನಮ್ಮ ಪಕ್ಕದ ಮನೆಯ ಶಿವಣ್ಣನವರು ನೆನಪಾದರು. ಹೆಬ್ಬಾಳದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ನುಗ್ಗೆಮರದ ಕೊಂಬೆ ನಮ್ಮ ಕಾಂಪೌಂಡಿನೊಳಕ್ಕೆ ಬಾಗಿದ ದಿನದಿಂದ ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಸಂಕೋಚದಿಂದಲೇ ಹೋಗಿ, ನನ್ನ ಶತ್ರುವಾಗಬಹುದೇ ಎಂದು ಕೇಳಿದೆ.

‘ಕ್ವಾಪ ಐತೆ ಸಾ, ಇಲ್ಲ ಅನ್ನಾಕಿಲ್ಲ. ಸಾಯ್ಸೋ ಅಷ್ಟು ಇಲ್ಲ ಕಣ್ರೀ’ ಎಂದು ಅವರು ಪ್ರಾಮಾಣಿಕವಾಗಿ ಯೋಚಿಸಿ ಹೇಳಿದರು. ನನ್ನ ಮುಖ ಬಾಡಿದ್ದು ಕಂಡು, ‘ಆಯ್ತು, ಬರ್ಕೊಂಬುಡಿ’ ಎಂದರು.

ವಿಚಾರಣೆಗೆ ಪೇದೆ ಬಂದಾಗ ನಾನೂ ಹೆಂಡತಿಯೂ ತರಕಾರಿಗೆ ಹೋಗಿದ್ದೆವು. ಮರಳುವಾಗ ಶಿವಣ್ಣನವರ ದನಿ ಗೇಟಿಗೇ ಕೇಳಿತು. ‘ಅವ್ರನ್ನ ಕಂಡ್ರೆ ನನ್ಗಾಗಾಕಿಲ್ಲ ಸಾ’ ಎಂದು ಕೊಟ್ಟ ಮಾತು ಉಳಿಸಿಕೊಂಡ ಅವರು, ಅದೇ ಉಸಿರಿನಲ್ಲಿ ಮುಂದುವರಿದರು: ‘ನೋಡಿ, ಈ ಬಿಸ್ಲಲ್ಲಿ ಛತ್ರಿ ಇಲ್ದೆ ಹೋಗವ್ರೆ. ಬಿಪಿ ಮಾತ್ರೆ ನುಂಗಿದ್ರೋ ಇಲ್ವೋ. ನೀವು ಒಳಗ್ ಕೂತ್ಕಳಿ ಬನ್ನಿ, ಅವ್ರ ಮನೆ ಬೀಗದ ಕೈ ನಮ್ಮನೇಲೇ ಇರ್ತದೆ.’ ಪೇದೆ ಎಲ್ಲವನ್ನೂ ಬರೆದುಕೊಂಡರು.

ಹದಿನೈದು ದಿನಕ್ಕೆ ಆದೇಶ ಬಂತು: ‘ಅರ್ಜಿದಾರರಿಗೆ ಯಾರಿಂದಲೂ ಪ್ರಾಣಭಯ ಇರುವುದಿಲ್ಲ.’ ಚಕ್ರವರ್ತಿಗಳಿಗೂ ದಕ್ಕದ ಪ್ರಮಾಣಪತ್ರ. ಆದರೂ ಒಪ್ಪಿಸಲೆಂದು ಆ ಎರಡು ಹಕ್ಕಿಗಳನ್ನು ಬಟ್ಟೆಯಲ್ಲಿ ಸುತ್ತಿ ಕೈಚೀಲಕ್ಕಿಡುವಾಗ ನನಗೆ ನಿಜವಾಗಿಯೂ ಅಳು ಬಂತು. ಶಿವಣ್ಣನವರು ನನ್ನನ್ನು ತಮ್ಮ ಸ್ಕೂಟರಿನಲ್ಲಿ ಕೂರಿಸಿಕೊಂಡು, ‘ನನ್ನಿಂದ್ಲೇ ಕೆಟ್ಟೋಯ್ತು’ ಎಂದು ದಾರಿಯುದ್ದಕ್ಕೂ ಪೇಚಾಡುತ್ತ ಠಾಣೆಗೆ ಕರೆದೊಯ್ದರು.

ಒಪ್ಪಿಸಿದ್ದಕ್ಕೆ ಸಾಕ್ಷಿಯ ರುಜು ಬೇಕಿತ್ತು, ಅವರೇ ಹಾಕಿದರು. ‘ಇವ್ರು ನಿಮಗೇನಾಗ್ಬೇಕು?’ ಎಂದು ರಿಜಿಸ್ಟರ್ ಬರೆಯುತ್ತಿದ್ದವರು ನನ್ನನ್ನು ಕೇಳಿದರು.

‘ಶತ್ರು ಅಂತ್ಲೇ ಇರ್ಲಿ ಬುಡಿ ಸಾ, ಅರ್ಜೀಲೂ ಅಂಗೇ ಬರ್ದವ್ರೆ’ ಎಂದು ಹೇಳಿ ಶಿವಣ್ಣನವರು, ಖಾಲಿಯಾದ ನನ್ನ ಕೈಚೀಲವನ್ನು ತಾವೇ ಎತ್ತಿಕೊಂಡರು.