ಕವಲಿನಲ್ಲಿ ನಿಲ್ಲದವರು

ಸೆವ್ದಾಳಿಗೆ ಬೆಟ್ಟದ ಸೈಕಲ್ ಕ್ಲಬ್ಬು ಒಂದು ಬಾಕಿ ಉಳಿಸಿಕೊಂಡಿದೆ. ದುಡ್ಡಿನ ಬಾಕಿಯಲ್ಲ, ಕಾಯುವುದರ ಬಾಕಿ. ಎಷ್ಟೋ ಬೇಸಿಗೆ ಅವಳು ಅವರಿಗಾಗಿ ಕಾದಳು. ಟ್ಯೂಬು ತೂತಾದವನಿಗೆ ಕಾದಳು, ಹೊಟ್ಟೆ ಕೆಟ್ಟು ಪೊದೆ ಹಿಂದೆ ಕೂತವನಿಗೆ ಕಾದಳು, ನಡುದಾರಿಯಲ್ಲಿ ನಿಂತು ಹೆಂಡತಿಯ ಜೊತೆ ಫೋನಿನಲ್ಲಿ ಜಗಳ ಕಾಯುವವನಿಗೂ ಕಾದಳು. ಅವಳಿಗಾಗಿ ಒಬ್ಬ ಒಂದೇ ಒಂದು ಸಲ ಕಾಯಬೇಕಿತ್ತು. ಕಾಯಲಿಲ್ಲ.

ರೊಡೋಪಿ ಬೆಟ್ಟಗಳ ನಡುವಿನ ಒಂದು ಸಣ್ಣ ಪಟ್ಟಣದಲ್ಲಿ ಸೆವ್ದಾ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಪ್ಯಾಂಟಿನ ಜೇಬು ಹೊಲಿಯುತ್ತಿದ್ದಳು. ಮದುವೆಯಾಗಿ ಮುರಿದಿತ್ತು, ಗಂಡ ಬಿಟ್ಟುಹೋದದ್ದರಲ್ಲಿ ಕೆಲಸಕ್ಕೆ ಬಂದದ್ದು ಸೈಕಲ್ಲೊಂದೇ. ಕ್ಲಬ್ಬಿನಲ್ಲಿ ಅವಳ ಜಾಗ ಕೊನೆಯದು. ಎಲ್ಲರ ಹಿಂದೆ ಬಂದು, ದಾರಿಯಲ್ಲಿ ಯಾರೂ ಉಳಿದಿಲ್ಲವೆಂದು ನೋಡಿಕೊಳ್ಳುವವರನ್ನು ಅಲ್ಲಿ ಬಾಲ ಅನ್ನುತ್ತಾರೆ. ಯಾರಿಗೂ ಬೇಡದ ಕೆಲಸ, ಇವಳು ಕೇಳಿ ಪಡೆದಳು. ಹಿಂದೊಮ್ಮೆ ಕಾರ್ಖಾನೆಯವರು ಸಂಬಳ ತಡೆಹಿಡಿದಾಗ ಹೆಂಗಸರೆಲ್ಲ ಹೆದ್ದಾರಿಗೆ ಇಳಿದಿದ್ದರು, ಆಗ ಕಲಿತದ್ದು: ಮೆರವಣಿಗೆಯಲ್ಲಿ ಮುಂದಿನವರಿಗೆ ಫೋಟೊ, ಹಿಂದಿನವರಿಗೆ ಲಾಠಿ. ಹಿಂದೆ ಗಟ್ಟಿಗರು ಇರಬೇಕು.

ಸವಾರಿ ಹೊರಡುವ ಮುಂಚೆ ಒಬ್ಬೊಬ್ಬರ ಬ್ರೇಕನ್ನೂ ಒತ್ತಿ ನೋಡುವಳು, ಹೆಲ್ಮೆಟ್ಟಿನ ಪಟ್ಟಿಗೆ ಬೆರಳು ತೂರಿಸಿ ಎಳೆಯುವಳು.

"ಬಿಡಕ್ಕ, ಉಸಿರು ಕಟ್ಟುತ್ತೆ," ಎಂದು ರಾಡ್ಕೊ ಕೊಸರಾಡುವನು. ಮರದ ಮಿಲ್ಲಿನ ಕೆಲಸದವ. ಒಳ್ಳೆಯ ಸವಾರ, ಆದರೆ ಒಂದು ಕಡೆ ನಿಲ್ಲುವ ಜಾತಿಯಲ್ಲ.

"ಒಳಗೆ ಏನೂ ಇಲ್ದಿದ್ರೂ ಬುರುಡೆ ಬೇಕಲ್ಲೋ, ಟೋಪಿ ಇಡೋಕೆ. ಸುಮ್ನೆ ನಿಂತ್ಕೊ."

ಆ ಸೀಮೆಯಲ್ಲಿ ಹ್ಯಾಂಡಲ್ಲಿಗೆ ಕುರಿಗಂಟೆ ಕಟ್ಟಿಕೊಂಡೇ ಬೆಟ್ಟ ಇಳಿಯುವುದು. ಗಂಟೆಯ ಸದ್ದಿದ್ದರೆ ಮಂದೆಯ ನಾಯಿಗಳು ಮೈಮೇಲೆ ಬೀಳುವುದಿಲ್ಲ, ಅಣಬೆ ಆಯುವ ಮುದುಕಿಯರು ಮೊದಲೇ ದಾರಿ ಬಿಟ್ಟು ನಿಲ್ಲುತ್ತಾರೆ. ಸೆವ್ದಾಳದ್ದು ಅಜ್ಜನ ಕಾಲದ ಟಗರಿನ ಗಂಟೆ, ದಪ್ಪ ದನಿ, ಇಡೀ ಕ್ಲಬ್ಬಿಗೆ ಗುರುತು. ಎಡವಟ್ಟು ಹುಟ್ಟಿದ್ದೇ ಇದರಿಂದ. ದಾರಿ ಕವಲೊಡೆದಲ್ಲಿ ಒಬ್ಬ ನಿಲ್ಲಬೇಕು, ಬಾಲದ ಮುಖ ಕಂಡ ಮೇಲಷ್ಟೇ ಹೊರಡಬೇಕು ಎಂಬುದು ಹಳೆಯ ಕಟ್ಟಳೆ. ಮುಖ ಕಾಣಲು ಹೊತ್ತು ಹಿಡಿಯುತ್ತದೆ, ಗಂಟೆ ದೂರದಿಂದಲೇ ಕೇಳುತ್ತದೆ. ಕ್ಲಬ್ಬಿನ ಅಧ್ಯಕ್ಷ ಯಾಸೆನನೇ ಒಂದು ದಿನ, "ಗಂಟೆ ಕೇಳಿಸ್ತಲ್ಲ? ಹಾಗಾದ್ರೆ ಬರ್ತಿದಾಳೆ, ನಡೀರಿ," ಅಂದ. ಅಂದಿನಿಂದ ಅದೇ ಕಟ್ಟಳೆಯಾಯಿತು.

"ಗಂಟೆ ಬೇರೆ, ನಾನು ಬೇರೆ ಕಣ್ರೋ," ಎಂದಳು ಸೆವ್ದಾ.

"ನಿನಗಿಂತ ಅದರ ದನೀನೇ ಚೆನ್ನಾಗಿದೆ ಬಿಡಕ್ಕ," ಎಂದ ರಾಡ್ಕೊ. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಆ ಭಾನುವಾರ, ಹಿಂದಿನ ದಿನದ ಮಳೆಗೆ ನೆಲ ಮೆತ್ತಗಾಗಿತ್ತು. "ಇವತ್ತು ಕಾಡಿನ ದಾರಿ ಬೇಡ. ನೆಲ ಕಿತ್ತು ಹೋಗುತ್ತೆ, ಡಾಂಬರು ರಸ್ತೇಲಿ ಹೋಗೋಣ," ಎಂದಳು.

"ಡಾಂಬರಿನಲ್ಲಿ ಹೋಗೋಕೆ ನಾವೇನು ಅಂಚೆಯವರಾ?" ಎಂದ ಯಾಸೆನ್.

ಮುಂದಿನವರು ಇಳಿಜಾರಿನಲ್ಲಿ ಹಿಂದಿನ ಬ್ರೇಕು ಬಿಗಿಹಿಡಿದು, ಚಕ್ರ ಜಾರಿಸಿಕೊಂಡು, ಕೇಕೆ ಹಾಕುತ್ತ ಹೋದರು. ಅಷ್ಟೂ ಚಕ್ರಗಳು ಸೇರಿ ದಾರಿಯನ್ನು ಉತ್ತುಬಿಟ್ಟವು. ಕೊನೆಗೆ ಬಂದ ಸೆವ್ದಾಳ ಮುಂಚಕ್ರ ಆ ಸಾಲಿಗೆ ಸಿಕ್ಕಿತು. ಸೈಕಲ್ಲು ಸಮೇತ ಹಾರಿ ಕೆಳಗಿನ ಬಂಡೆಗಳ ಸಂದಿಗೆ ಬಿದ್ದಳು. ಬಲಮೊಣಕಾಲು ತಿರುಗಬಾರದ ದಿಕ್ಕಿಗೆ ತಿರುಗಿ ಕೂತಿತ್ತು.

ಆ ಕಮರಿಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಕೂಗಿದಳು, ಹಳ್ಳದ ನೀರು ಕೂಗನ್ನು ನುಂಗಿತು. ಸೈಕಲ್ಲು ಕೈಗೆಟುಕುವಲ್ಲಿತ್ತು. ಗಂಟೆ ಹಿಡಿದು ಬಾರಿಸಿದಳು. ಅದನ್ನು ನುಂಗಲು ಹಳ್ಳಕ್ಕಾಗಲಿಲ್ಲ.

ಕೆಳಗೆ ಕವಲಿನಲ್ಲಿ ನಿಂತಿದ್ದವನು ರಾಡ್ಕೊ. ಅವನ ಕಿವಿಗೆ ಬಿತ್ತು. ಅಕ್ಕ ಬಂದಳು ಎಂದುಕೊಂಡು ಪೆಡಲಿನ ಮೇಲೆ ಕಾಲಿಟ್ಟ. ಅವಳು ಜೋರಾಗಿ ಬಾರಿಸಿದಷ್ಟೂ ಹತ್ತಿರ ಬಂದಂತೆಯೇ ಅವನಿಗೆ ಕೇಳಿಸಿತು. ಅವನ ಪುಟ್ಟ ಗಂಟೆಯ ಕಿಣಿಕಿಣಿ ದೂರದೂರವಾಗುವುದನ್ನು ಸೆವ್ದಾ ಬಂಡೆಗೆ ಕೆನ್ನೆಯಾನಿಸಿ ಕೇಳಿದಳು.

ಬೆಳಿಗ್ಗೆ ಕಾರು ನಿಲ್ಲಿಸಿ ಹೊರಟಿದ್ದ ಹೋಟೆಲಿಗೇ ಎಲ್ಲರೂ ಮರಳಿದರು. ಬಿಳಿ ಕಾಳಿನ ಬಿಸಿ ಸಾರು ಬಂತು, ಹಣ್ಣಿನ ಸಾರಾಯಿ ರಾಕಿಯಾ ಬಂತು.

"ಈ ಬಟ್ಟಲು ಯಾರದ್ರಪ್ಪಾ? ಆರಿ ಹೋಗ್ತಿದೆ," ಎಂದಳು ಹೋಟೆಲಿನಾಕೆ.

"ಸೆವ್ದಾಳದ್ದು. ಬೆಳಿಗ್ಗೇನೇ ಮೂತಿ ಊದಿಸ್ಕೊಂಡಿದ್ಲು, ಸೀದಾ ಮನೆಗೆ ಹೋಗಿರ್ತಾಳೆ," ಎಂದ ಯಾಸೆನ್.

"ಹಂಗಾದ್ರೆ ದಂಡ ಯಾಕ್ ಮಾಡೋದು?" ರಾಡ್ಕೊ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡ. ರೊಟ್ಟಿಯಿಂದ ತಳ ಒರೆಸಿ ತಿಂದ.

ಹೊತ್ತು ಇಳಿಯುವಾಗ ಯಾಸೆನ್ ಹಿತ್ತಲಿಗೆ ಹೋಗಿ ಕಾರು ತೆಗೆಯಲು ನೋಡಿದರೆ ಹಿಂದೆ ಅಡ್ಡಕ್ಕೆ ಸೆವ್ದಾಳ ಹಳೇ ಕಾರು. "ಥೂ, ಈ ಹೆಂಗಸಿಗೆ ಕಾರು ನಿಲ್ಲಿಸೋಕೂ ಬರಲ್ಲ!" ಎಂದು ಬೈದ. ಬಾಯ್ತುಂಬ ಬೈದ ಮೇಲೆಯೇ ಅವನಿಗೆ ಹೊಳೆದದ್ದು. ಗೆಳೆತನಕ್ಕೆ ಹುಡುಕಲಿಲ್ಲ, ಕಾರಿಗೆ ದಾರಿ ಬೇಕಾಗಿ ಹುಡುಕಿದರು.

ಬೆಟ್ಟದ ರಕ್ಷಣಾ ದಳದವರು ಅವಳನ್ನು ಹೊತ್ತು ತಂದಾಗ ಅಂಗೈ ಸುಲಿದು ಹೋಗಿತ್ತು. ಆಸ್ಪತ್ರೆಯ ವೈದ್ಯೆ ಕಾಲು ಮುಟ್ಟಿ ನೋಡಿ, "ಮಂಡಿ ಹಿಂದಿನ ರಕ್ತನಾಳ ಹರಿದಿದೆ. ಮಧ್ಯಾಹ್ನಾನೇ ತಂದಿದ್ರೆ ಕಾಲು ಉಳೀತಿತ್ತು," ಎಂದಳು. ಮಂಡಿಯ ಮೇಲಕ್ಕೆ ಕತ್ತರಿಸಿದರು. ಹೊಲಿಗೆ ಯಂತ್ರ ತುಳಿಯುವ ಕಾಲು ಅದೇ. ಅವಳ ಗಾಯದ ಹೊಲಿಗೆ ಬಿಚ್ಚುವ ಮೊದಲೇ ಕಾರ್ಖಾನೆ ಅವಳ ಕುರ್ಚಿಯಲ್ಲಿ ಇನ್ನೊಬ್ಬಳನ್ನು ಕೂರಿಸಿತ್ತು.

ಯಾಸೆನ್ ಕಿತ್ತಳೆ ಹಣ್ಣು ಹಿಡಿದುಕೊಂಡು ಬಂದ. "ಸೆವ್ದಾ, ಯಾರಾದ್ರೂ ಕೇಳಿದ್ರೆ ನೀನೇ ಗುಂಪು ಬಿಟ್ಟು ಹೋದೆ ಅನ್ನು. ಕ್ಲಬ್ಬಿನ ಹೆಸರು ಉಳಿಯುತ್ತೆ. ಏನ್ ಹೇಳಿದ್ರೂ ಕಾಲಂತೂ ವಾಪಸ್ ಬರಲ್ಲ."

"ರಾಡ್ಕೊ ಎಲ್ಲಿ?"

"ಅವನಿಗೆ ನಿನ್ನ ಹಿಂಗೆ ನೋಡೋಕೆ ಆಗಲ್ವಂತೆ. ಮೆತ್ತನೆ ಮನಸ್ಸು, ಪಾಪ."

"ನನ್ನ ಪಾಲಿನ ಸಾರು ತಿನ್ನೋಕೆ ಆಯ್ತಲ್ಲ?" ಹೋಟೆಲಿನಾಕೆ ಬಂದು ಎಲ್ಲ ಹೇಳಿ ಹೋಗಿದ್ದಳು. "ನಿನ್ನ ಹಣ್ಣು ತಗೊಂಡು ಎದ್ದು ಹೋಗು ಯಾಸೆನ್. ನಾನು ಬಿದ್ದಿದ್ದು ಗುಂಪಿನಲ್ಲೇ. ಕೇಳಿದೋರಿಗೂ ಹೇಳ್ತೀನಿ, ಕೇಳದೋರಿಗೂ ಹೇಳ್ತೀನಿ."

ಹೇಳಿದಳು. ಕ್ಲಬ್ಬಿನವರು ಮಾತು ಬಿಟ್ಟರು. ಹೊಟ್ಟೆಕಿಚ್ಚಿನ ಕುಂಟಿ ಎಂದು ಹೆಸರಿಟ್ಟರು. ಈಗ ಮನೆಯಲ್ಲೇ ಊರವರ ಹಳೇ ಬಟ್ಟೆಗೆ ತೇಪೆ ಹಾಕುತ್ತಾಳೆ. ಎಡಗಾಲಿಗೆ ಇನ್ನೂ ಹದ ಸಿಕ್ಕಿಲ್ಲ. ಹೊಲಿಗೆ ಸೊಟ್ಟಗೆ ಹೋದಾಗ ಬೈದುಕೊಂಡು ಬಿಚ್ಚುತ್ತಾಳೆ. ಭಾನುವಾರ ಅವರೆಲ್ಲ ಅವಳ ಕಿಟಕಿಯ ಕೆಳಗೇ ಹೋಗುತ್ತಾರೆ. ಹೊಸ ಬಾಲವೂ ಸಿಕ್ಕಿದೆ, ಹೋದ ತಿಂಗಳು ಸೇರಿದ ಶಾಲಾ ಟೀಚರು. ಒಂದು ಸಲವೂ ಮುಂದಿನವರು ಯಾರೂ ಆ ಟೀಚರತ್ತ ತಿರುಗಿ ನೋಡಿದ್ದನ್ನು ಸೆವ್ದಾ ಕಂಡಿಲ್ಲ.

ನೀವು ಸೈಕಲ್ ತುಳಿಯುವವರೋ, ಬೆಟ್ಟ ಹತ್ತುವವರೋ, ಮೆರವಣಿಗೆಗೆ ಹೋಗುವವರೋ ಆಗಿರಿ. ಹೋದ ಸಲ ಗುಂಪಿನಲ್ಲಿ ಹೊರಟಾಗ ನಿಮ್ಮಲ್ಲಿ ಎಲ್ಲರಿಗಿಂತ ಹಿಂದೆ ಇದ್ದವರು ಯಾರು? ಹೆಸರು ಹೇಳಿ. ಅವರು ಮನೆ ಮುಟ್ಟಿದರೋ ಇಲ್ಲವೋ ಗೊತ್ತೇ? ಗೊತ್ತಿಲ್ಲದಿದ್ದರೆ ಓದಿದ್ದು ಸಾಕು, ಎದ್ದು ಹೋಗಿ ಅವರ ಬಾಗಿಲು ತಟ್ಟಿ.