ಹರಕೆಗೆ ಬಿಟ್ಟ ಹುಂಜ

ನಮ್ಮದೇ ಮನೆಯ ಹಿತ್ತಲಿಗೆ ಹೋಗಲು ನಾನು ಐದು ತಿಂಗಳು ಹೆದರಿದ್ದೇನೆ. ಹೇಳಿಕೊಳ್ಳಲು ನಾಚಿಕೆಯ ವಿಷಯವೇ. ಕೂಡ್ಲಿಗಿಯಲ್ಲಿ ನರ್ಸ್ ಆಗಿರುವವಳು ನಾನು. ಕುಡಿದು ಬಿದ್ದು ತಲೆ ಒಡೆದುಕೊಂಡು ಬಂದು, ಹೊಲಿಗೆ ಹಾಕಲು ಹೋದರೆ ಕೈ ಎತ್ತುವ ಗಂಡಸರನ್ನು ಗದರಿಸಿ ಮಲಗಿಸಿದ್ದೇನೆ. ಅಂಥವಳು ಹಿತ್ತಲಿನ ಬಚ್ಚಲಿಗೆ ಹೋಗಬೇಕಾದರೆ ಮುಂದೆ ಮೊರ ಅಡ್ಡ ಹಿಡಿದು, ಗೋಡೆಗೆ ಬೆನ್ನು ಹಚ್ಚಿ, ಒಂದೊಂದೇ ಹೆಜ್ಜೆ ಇಡುತ್ತಿದ್ದೆ. ಕಾರಣ ಒಂದು ಹುಂಜ.

ಹಿತ್ತಲಲ್ಲಿರುವುದು ನಮ್ಮತ್ತೆಯ ಜವಾರಿ ಕೋಳಿಗಳು. ಹಲವಾಗಲಿನ ಹತ್ತಿರದ ತಮ್ಮ ತವರಿನಿಂದ ತಂದ ತಳಿಯನ್ನು ಅವರು ಮೂವತ್ತು ವರ್ಷದಿಂದ ಬಿಟ್ಟಿಲ್ಲ. ಅಂಗಡಿಯ ಬಿಳಿ ಕೋಳಿ ಅವರ ಲೆಕ್ಕದಲ್ಲಿ ಕೋಳಿಯೇ ಅಲ್ಲ. ಹುಂಜಗಳು ಮೊದಲೂ ಇದ್ದವು. ಕಾಲು ನೆಲಕ್ಕೆ ಬಡಿದರೆ ಓಡುತ್ತಿದ್ದವು, ತೀರಾ ಸೊಕ್ಕಿದರೆ ಸಾರಾಗುತ್ತಿದ್ದವು. ಇದನ್ನು ಮಾತ್ರ ಮುಟ್ಟುವಂತಿರಲಿಲ್ಲ, ಯಾಕೆಂದರೆ ಇದು ನನ್ನ ಮಗಳ ಹೆಸರಿನಲ್ಲಿ ಬಿಟ್ಟ ಹುಂಜ.

ಮಗಳಿಗೆ ಮೂರು ತುಂಬಿದ ವರ್ಷ ಜ್ವರ ನೆತ್ತಿಗೇರಿ ಫಿಟ್ಸ್ ಬಂತು. ಬೇರೆಯವರ ಮಕ್ಕಳಿಗೆ ಬಂದಾಗ ಏನು ಮಾಡಬೇಕೆಂದು ಗೊತ್ತಿರುವ ನನಗೆ ಅವತ್ತು ಕೈಕಾಲೇ ಆಡಲಿಲ್ಲ. ಐದು ದಿನ ಆಸ್ಪತ್ರೆಯಲ್ಲಿದ್ದೆವು. ಎರಡನೆಯ ದಿನ ಇತ್ತ ಮನೆಯಲ್ಲಿ ಅತ್ತೆ ತಿಂಗಳ ಹುಂಜದ ಮರಿಯೊಂದನ್ನು ಹಿಡಿದು, ಕಾಲಿಗೆ ಅರಿಶಿನದ ದಾರ ಕಟ್ಟಿ, ಕೂಸು ಉಳಿದರೆ ಇದು ನಿನಗೆ ಎಂದು ತವರೂರಿನ ಊರಮ್ಮನಿಗೆ ಬೇಡಿಕೊಂಡರು. ಕೂಸು ಉಳಿಯಿತು. ಉಳಿಸಿದ್ದು ಯಾವ ಔಷಧ ಎಂದು ನಾನು ಹೆಸರು ಸಮೇತ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಗೋಡೆಯ ಮೇಲಿನ ಅಮ್ಮನ ಪಟಕ್ಕೆ ಕೈ ಮುಗಿದರು.

ಮುಂದಿನ ಸುಗ್ಗಿ ಮುಗಿದ ಮೇಲೆ ಒಪ್ಪಿಸುವುದೆಂದು ಮಾತು. ಅಲ್ಲಿಯವರೆಗೆ ಅದನ್ನು ಹೊಡೆಯುವಂತಿಲ್ಲ, ಬೈಯುವಂತಿಲ್ಲ, ಮೇಲೆ ಬುಟ್ಟಿ ಮುಚ್ಚುವಂತಿಲ್ಲ. ಅಡುಗೆಮನೆಗೆ ಬಂದು ತಟ್ಟೆಯ ರೊಟ್ಟಿಗೆ ಬಾಯಿ ಹಾಕಿದರೂ ಅತ್ತೆ ಸ್ವಲ್ಪ ಜರುಗಿ ಕೂರುತ್ತಿದ್ದರು. ಮಗಳು ಅಂಗೈಯಲ್ಲಿ ಸಜ್ಜೆ ಇಟ್ಟು ತಿನ್ನಿಸುತ್ತಿದ್ದಳು, ನಾನು ಫೋಟೋ ತೆಗೆಯುತ್ತಿದ್ದೆ. ಮನುಷ್ಯರೆಂದರೆ ತಿನ್ನಲು ಕೊಟ್ಟು ದಾರಿ ಬಿಡುವವರು ಎಂದು ಅದು ಕಲಿಯಿತು. ಕಲಿಸಿದವರು ನಾವೇ.

ಎಂಟು ತಿಂಗಳಿಗೆ ಅದರ ಕಾಲಿನ ಹಿಂದಿನ ಮುಳ್ಳು ಬಲಿಯಿತು. ಮೊದಲು ಮೀಟರ್ ನೋಡಲು ಬಂದವನ ಪ್ಯಾಂಟು ಹರಿಯಿತು. ಆಮೇಲೆ ನನ್ನ ಗಂಡ. ಅವರು ಸ್ನಾನಕ್ಕೆ ಹೋಗುವಾಗ ಕಾಲಿಗೆ ಗೋಣಿಚೀಲ ಸುತ್ತಿಕೊಳ್ಳುವುದನ್ನು ನೋಡಿ ನಾನು ಹೊಟ್ಟೆ ಹಿಡಿದು ನಕ್ಕಿದ್ದೆ. ಮೂರನೆಯ ಸರದಿ ನನ್ನದು. ಬಟ್ಟೆ ಹಿಂಡಲು ಬಗ್ಗಿದವಳ ಮೊಣಕಾಲಿನ ಹಿಂದೆ ಎರಡು ತೂತು ಬಿದ್ದವು. ಅವತ್ತಿನಿಂದ ನನಗೆ ಅದರ ಸದ್ದು ಗುರುತಾಯಿತು. ಮೊದಲು ಸುಮ್ಮನೆ ನೆಲ ಕುಕ್ಕುವಂತೆ ನಟಿಸುತ್ತದೆ. ಆಮೇಲೆ ಒಂದು ರೆಕ್ಕೆ ಇಳಿಬಿಟ್ಟು ಅಡ್ಡಡ್ಡ ಬರುತ್ತದೆ, ರೆಕ್ಕೆಯ ತುದಿ ನೆಲಕ್ಕೆ ತಾಗಿ ಸರಸರ ಎನ್ನುತ್ತದೆ. ಡ್ಯೂಟಿಯಲ್ಲಿ ಯಾರಾದರೂ ಕಾಗದ ಎಳೆದ ಸದ್ದಿಗೂ ಥಟ್ಟನೆ ಹಿಂದೆ ತಿರುಗುತ್ತಿದ್ದೆ.

ನನ್ನ ಕಾಲು ಹಾಳಾಗಿ ಹೋಗಲಿ, ಗಾಯ ಮಾಯುತ್ತದೆ. ನನ್ನ ಭಯವೆಲ್ಲ ಒಂದೇ. ಅದು ಹಾರಿದರೆ ನನಗೆ ತೊಡೆಯವರೆಗೆ ಬರುತ್ತದೆ, ಮಗಳಿಗೆ ಸರಿಯಾಗಿ ಕಣ್ಣಿನವರೆಗೆ.

ದನದ ದವಾಖಾನೆಯಲ್ಲಿ ಕೆಲಸ ಮಾಡುವ, ತಾನೂ ಕೋಳಿ ಸಾಕಿದ ಒಬ್ಬ ಹೆಂಗಸನ್ನು ಕೇಳಿದೆ. ಓಡಬೇಡಿ, ಓಡಿದರೆ ಗೆದ್ದೆ ಎಂದುಕೊಳ್ಳುತ್ತದೆ ಎಂದಳು. ಒದೆಯಲೂ ಬೇಡಿ, ಒದ್ದರೆ ಜಿದ್ದಿಗೆ ಬೀಳುತ್ತದೆ. ಹಿಂದಿನಿಂದ ಹಿಡಿದು, ರೆಕ್ಕೆ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ಅದು ತಲೆ ತಗ್ಗಿಸುವವರೆಗೆ ಹಿತ್ತಲಲ್ಲಿ ತಿರುಗಾಡಿ, ದಿನಾ ಹೀಗೇ ಮಾಡಿ. ಮುಳ್ಳಿನ ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿ. ಇಷ್ಟಕ್ಕೂ ಬಗ್ಗದಿದ್ದರೆ ಮಗು ಇರುವ ಮನೆಯಲ್ಲಿ ಇಡಲೇಬೇಡಿ.

ಬಂದು ಅತ್ತೆಗೆ ಹೇಳಿದೆ. ಅವರು ಒಪ್ಪಲಿಲ್ಲ. ಅಮ್ಮನದ್ದನ್ನು ಹಿಡಿದು ಸೋಲಿಸಬಾರದು, ಮುಳ್ಳು ಉಜ್ಜಿದರೆ ಅದು ಊನವಾಗುತ್ತದೆ, ಊನವಾದದ್ದು ಹರಕೆಗೆ ಸಲ್ಲದು ಎಂದರು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಮೊಮ್ಮಗಳಿಗಿಂತ ಹುಂಜವೇ ಹೆಚ್ಚಾಯಿತೇ ಎಂದು ಕೇಳಿಯೇಬಿಟ್ಟೆ. ಅವರು ಕಾಳು ಆರಿಸುತ್ತಲೇ, ತಲೆ ಎತ್ತದೆ ಹೇಳಿದರು.

"ನನ್ನ ಮೊದ್ಲನೇ ಮಗಳಿಗೂ ಹಿಂಗ ಜ್ವರ ಬಂದಿತ್ತವಾ. ಹುಂಜ ಬೇಡ್ಕೊಂಡಿದ್ದೆ, ಇಳೀತು. ಆಮ್ಯಾಲ ಬೀಗ್ರು ಬಂದ್ರಂತ ಅದನ್ನ ಕೊಯ್ದು ಸಾರು ಮಾಡಿದ್ವಿ, ಬ್ಯಾರೇದು ಕೊಟ್ರಾತು ಅಂತ. ತಿಂಗಳಾಗಿದ್ದಿಲ್ಲ, ಕೂಸು ಹೋತು."

ಗಂಡನಿಗೆ ಒಬ್ಬಳು ಅಕ್ಕ ಇದ್ದಳೆಂಬುದು ನನಗೆ ಗೊತ್ತಾದದ್ದೇ ಅವತ್ತು. ನನ್ನ ಮಗಳ ವಿಷಯದಲ್ಲಿ ನನ್ನಷ್ಟೇ ಹೆದರಿದವರು ಆ ಮನೆಯಲ್ಲಿ ಇನ್ನೊಬ್ಬರಿದ್ದರು. ಅದಾದ ಮೇಲೆ ಅರದ ಮಾತು ಎತ್ತಲು ನನಗೆ ಬಾಯಿ ಬರಲಿಲ್ಲ. ಹಿತ್ತಲ ಬಾಗಿಲಿಗೆ ಮೇಲೊಂದು ಚಿಲಕ ಹಾಕಿಸಿದೆ. ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು, ಹುಂಜ ಬಂದರೆ ಓಡಬಾರದು, ಅಲ್ಲಾಡದೆ ನಿಲ್ಲಬೇಕು ಎಂದು ದಿನಾ ಕಲಿಸಿದೆ. ಜಾಣೆ, ಹೇಳಿದ್ದನ್ನು ಕೇಳುತ್ತಾಳೆ.

ಒಂದು ಭಾನುವಾರ ಮಧ್ಯಾಹ್ನ ಬಟ್ಟೆ ಹರವಲು ಹಿತ್ತಲಿಗೆ ಹೋದ ನಾನೇ ಬಾಗಿಲು ತೆರೆದಿಟ್ಟಿದ್ದೆ. ಎರಡೂ ಕೈಯಲ್ಲಿ ಬಕೆಟ್ ಇತ್ತು, ಚಿಲಕ ಹಾಕಲಿಲ್ಲ. ಬೆನ್ನ ಹಿಂದೆ ಆ ಸರಸರ ಕೇಳಿಸಿ ತಿರುಗಿದರೆ ಮಗಳು ಬಾಗಿಲು ದಾಟಿ ಹಿತ್ತಲಿಗೆ ಬಂದು ನಿಂತಿದ್ದಳು, ಕೈಯಲ್ಲಿ ರೊಟ್ಟಿ ಚೂರು. ಹುಂಜ ರೆಕ್ಕೆ ಇಳಿಬಿಟ್ಟಿತ್ತು. ಓಡು ಎಂದು ಕೂಗಿದೆನೋ, ಗಂಟಲಲ್ಲೇ ಉಳಿಯಿತೋ ತಿಳಿಯದು. ಅವಳು ಓಡಲಿಲ್ಲ. ನಾನು ಕಲಿಸಿದಂತೆ ಕೈಗಳನ್ನು ಪಕ್ಕಕ್ಕೆ ಅಂಟಿಸಿಕೊಂಡು, ಮುಖ ಮೇಲೆತ್ತಿ, ನನ್ನನ್ನೇ ನೋಡುತ್ತಾ ನಿಂತಳು.

ಅದು ಹಾರಿತು. ನಾನು ಹೋಗಿ ಕಾಲು ಹಿಡಿದು ಎಳೆದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೀಸಿ ಎಸೆದೆ. ಮಗಳ ಮುಖವೆಲ್ಲ ರಕ್ತ. ಸೆರಗಿನಿಂದ ಒರೆಸುತ್ತಾ ಕಣ್ಣು ಹುಡುಕಿದೆ. ಗಾಯ ಕಣ್ಣಿನ ಕೆಳಗೆ, ಬೆರಳಿನ ಅಗಲದಷ್ಟು ದೂರದಲ್ಲಿತ್ತು. ಕಣ್ಣು ಉಳಿದಿತ್ತು. ದಿನಾ ಕಂಡವರ ರಕ್ತ ಒರೆಸುವ ನಾನು ಅಲ್ಲೇ ನೆಲದ ಮೇಲೆ ಕುಳಿತು ಜೋರಾಗಿ ಅತ್ತೆ.

ಮೂರು ಹೊಲಿಗೆ ಹಾಕಿಸಿಕೊಂಡು ಸಂಜೆ ಬಂದಾಗ ಅತ್ತೆ ಹಿತ್ತಲಲ್ಲಿ ಹುಂಜವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಅದು ಸತ್ತಿರಲಿಲ್ಲ. ಒಂದು ಕಾಲು ಮುರಿದಿತ್ತು, ಅದಕ್ಕೆ ಕಡ್ಡಿ ಕಟ್ಟಿದ್ದರು. ಬೈಯಲಿ ಎಂದು ನಾನು ಕಾದೆ. ಬೈಯಲಿಲ್ಲ. ಮೊಮ್ಮಗಳನ್ನು ಹತ್ತಿರ ಕರೆದು ಗಾಯ ನೋಡಿದರು, ಅವಳ ಕಣ್ಣಿನ ಮುಂದೆ ಬೆರಳು ಆಡಿಸಿ ಎಷ್ಟು ಎಂದು ಕೇಳಿದರು. ಅವಳು ಎರಡು ಎಂದ ಮೇಲೆಯೇ ಬೆರಳು ಇಳಿಸಿದರು.

ಮರುದಿನ ಬೆಳಿಗ್ಗೆಯೇ ಸೀರೆ ಉಟ್ಟು ಹೊರಟರು. ಹುಂಜವನ್ನು ತಲೆ ಹೊರಗೆ ಬರುವಂತೆ ಕೈಚೀಲದಲ್ಲಿ ಕೂರಿಸಿದ್ದರು. ಕೊಟ್ಟೂರಿಗೆ ಒಂದು ಬಸ್ಸು, ಹರಪನಹಳ್ಳಿಗೆ ಇನ್ನೊಂದು, ಅಲ್ಲಿಂದ ತವರಿಗೆ ಮತ್ತೊಂದು. ನಾನೂ ಬರುತ್ತೇನೆಂದೆ, ಬೇಡವೆಂದರು. ಕುಂಟ ಹುಂಜವನ್ನು ಅಮ್ಮ ತೆಗೆದುಕೊಳ್ಳುವುದಿಲ್ಲ ಎಂದು ನೀವೇ ಹೇಳಿದ್ದಿರಲ್ಲ, ಹೋಗಿ ಏನು ಹೇಳುತ್ತೀರಿ ಎಂದು ಬಾಗಿಲಲ್ಲಿ ತಡೆದು ಕೇಳಿದೆ.

"ನಾನಽ ಮುರದೆ ಅಂತೀನಿ. ನಿನ್ನ ಹೆಸ್ರು ಎತ್ತಂಗಿಲ್ಲ. ಏನರ ಮಾಡೋದಿದ್ರ ನನಗಽ ಮಾಡು, ನಮ್ಮ ಕೂಸಿನ ತಂಟೆಗೆ ಬರಬ್ಯಾಡ ಅಂತ ಅಮ್ಮಗ ಹೇಳಿ ಬರ್ತೀನಿ."

ಜೀವಮಾನವಿಡೀ ಹೆದರಿದ ಆ ಅಮ್ಮನೆದುರು ಸುಳ್ಳು ಹೇಳಲು ಅವರು ಒಬ್ಬರೇ ಹೋದರು. ಮೂರನೆಯ ದಿನ ಬರಿಗೈಯಲ್ಲಿ ಬಂದು, ಅಲ್ಲಿ ಏನಾಯಿತೆಂದು ಹೇಳದೆ, ಕೋಳಿಗಳಿಗೆ ಕಾಳು ಚೆಲ್ಲಿದರು.

ನಾನು ಹರಕೆ ನಂಬುವವಳಲ್ಲ, ಈಗಲೂ ನಂಬುವುದಿಲ್ಲ. ಹಿತ್ತಲಿಗೆ ಈಗ ಕೈ ಬೀಸಿಕೊಂಡು ಹೋಗುತ್ತೇನೆ. ಆದರೆ ದಿನಾ ಡ್ಯೂಟಿಗೆ ಹೊರಡುವ ಮೊದಲು ಮಗಳ ಹಣೆ ಮುಟ್ಟಿ ನೋಡುತ್ತೇನೆ. ಆಮೇಲೆ ಅತ್ತೆಯ ಹಣೆಯನ್ನೂ ಮುಟ್ಟುತ್ತೇನೆ. ಅವರು ಮುಖವನ್ನು ನನ್ನ ಕಡೆ ತಿರುಗಿಸಿ ಕೂರುತ್ತಾರೆ.