ಎಲೆಗೆ ಅಡ್ಡ ಹಿಡಿದ ಕೈ

ಗಿರಿಜಾ, ನೀನು ಅಮ್ಮನ ಊಟಕ್ಕೆ ಮದ್ದು ಹಾಕಿರಲಿಲ್ಲ. ಅದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಅಮ್ಮ ಸಿ.ಎಸ್. ಪುರದಲ್ಲಿ ನಿಮ್ಮ ಜೊತೆಗಿದ್ದಳು. ಮರೆವು ಶುರುವಾದ ಮೇಲೆ ಅವಳ ತಲೆ ಬಾಚಿ, ಮುದ್ದೆ ಮುರಿದು ತಿನ್ನಿಸುತ್ತಿದ್ದವಳು ಸೊಸೆಯಾದ ನೀನು. ಮಗಳು ನಾನು — ಕ್ಯಾತ್ಸಂದ್ರದಿಂದ ಯಾವಾಗಲೋ ಬಂದು, ಬಾಳೆಹಣ್ಣು ಕೊಟ್ಟು, ನಿನಗೆ ನಾಲ್ಕು ಬುದ್ಧಿಮಾತು ಹೇಳಿ ಹೋಗುತ್ತಿದ್ದೆ. ಒಂದು ದಿನ ಅಮ್ಮ ತಟ್ಟೆ ತಳ್ಳಿದಳು.

"ಇವ್ಳು ಸಾರಿಗೆ ಮದ್ದು ಹಾಕವ್ಳೆ ಕಣೇ. ನನ್ನ ಕೊಲ್ತಾಳೆ."

ಜಗಲಿಯಲ್ಲಿದ್ದ ನೆಂಟರೂ ಕೇಳಿಸಿಕೊಂಡರು. ಮದ್ದು ತೆಗೆಯುವವನ ಬಳಿಗೆ ಅವಳನ್ನು ಕರೆದೊಯ್ದರು. ಅವನು ಏನೋ ಕುಡಿಸಿ ವಾಂತಿ ಮಾಡಿಸಿದ, ಅದರಲ್ಲಿ ಕಪ್ಪಗಿನದೇನನ್ನೋ ತೋರಿಸಿದ. ಊರಿಗೆ ಅಷ್ಟು ಸಾಕಾಯಿತು.

ಆಮೇಲೆ ನಾನೊಬ್ಬಳೇ ಅಮ್ಮನನ್ನು ತುಮಕೂರಿನ ಡಾಕ್ಟರಿಗೆ ತೋರಿಸಿದೆ. ಈ ಅನುಮಾನವೂ ಮರೆವಿನ ಕಾಯಿಲೆಯದೇ ಭಾಗ ಎಂದರು. ಕೆಲವು ಮನೆತನಗಳಲ್ಲಿ ಇದು ಹೆಚ್ಚು, ವಂಶವಾಹಿಯಲ್ಲಿ ಇಳಿದು ಬರಬಹುದು, ಹಾಗಂತ ಎಲ್ಲರಿಗೂ ಬರಲೇಬೇಕೆಂದಿಲ್ಲ ಎಂದು ಬಿಡಿಸಿ ಹೇಳಿದರು. ನಿಮ್ಮ ಮನೆಯಲ್ಲಿ ಹಿಂದೆ ಯಾರಿಗಾದರೂ ಹೀಗಾಗಿತ್ತೇ ಎಂದು ಕೇಳಿದರು.

"ಇಲ್ಲ ಸಾರ್. ಯಾರ್ಗೂ ಇಲ್ಲ" ಅಂದೆ.

ಆಗಿತ್ತು. ಅಮ್ಮನ ತಾಯಿ ಕೊನೆಗಾಲದಲ್ಲಿ ನಮ್ಮ ಮನೆಯಲ್ಲೇ ಇದ್ದಳು. ಹೆತ್ತ ಮಗಳೇ ವಿಷ ಹಾಕುತ್ತಾಳೆಂದು ಹಲ್ಲು ಕಚ್ಚಿ ಕೂರುತ್ತಿದ್ದಳು. ಅಮ್ಮ ಮೊದಲ ತುತ್ತು ತಾನು ತಿಂದು ತೋರಿಸಿ, ಆಮೇಲೆ ಅವಳಿಗೆ ತಿನ್ನಿಸುತ್ತಿದ್ದಳು. ನಾನು ಅದನ್ನು ನೋಡಿಕೊಂಡೇ ಬೆಳೆದವಳು.

ಆದರೆ ನನ್ನ ಮಗಳಿಗೆ ಕುಣಿಗಲ್ಲಿನ ಸಂಬಂಧ ಕೂಡಿಬಂದಿತ್ತು. ನಮ್ಮ ರಕ್ತದಲ್ಲೇ ಹುಚ್ಚಿದೆ ಎಂದು ಆ ಮನೆಯವರ ಕಿವಿಗೆ ಬಿದ್ದರೆ — ಡಾಕ್ಟರು ಹುಚ್ಚು ಎಂಬ ಮಾತನ್ನೇ ಆಡಿರಲಿಲ್ಲ, ಅದು ನಾನೇ ಸೇರಿಸಿಕೊಂಡದ್ದು. ಊರಿಗೆ ಬಂದು, ವಯಸ್ಸಾಯಿತು, ಬರೀ ಮರೆವು ಅಂದುಬಿಟ್ಟೆ. ಅನುಮಾನದ ಮಾತನ್ನು ನುಂಗಿಕೊಂಡೆ. ನಮ್ಮ ಮನೆತನದ ಕಾಯಿಲೆ ನಿನ್ನ ಕೈಗೆ ಕಳಂಕವಾಗಿ ಅಂಟಿಕೊಂಡಿತು.

ಅಮ್ಮನ ತಿಥಿಯ ದಿನ ನೀನು ಪಾಯಸ ಬಡಿಸುತ್ತ ಬಂದಾಗ ಒಬ್ಬೊಬ್ಬರೇ ಎಲೆಗೆ ಕೈ ಅಡ್ಡ ಹಿಡಿದರು. ನೀನು ನನ್ನೆದುರು ಬಂದು ನಿಂತೆ.

"ನೀವಾದ್ರೂ ಹಾಕಿಸ್ಕೊಳಿ ಅಕ್ಕ."

ನಾನೂ ಕೈ ಅಡ್ಡ ಹಿಡಿದೆ. ಆಮೇಲಾಮೇಲೆ ನಿನ್ನ ಗಂಡ, ನನ್ನ ತಮ್ಮನೇ, ಗುಬ್ಬಿಯ ಹೋಟೆಲಿನಲ್ಲಿ ಉಂಡು ಮನೆಗೆ ಬರತೊಡಗಿದನಂತೆ.

ಮಗಳು ಕುಣಿಗಲ್ಲಿನಲ್ಲಿ ಚೆನ್ನಾಗಿದ್ದಾಳೆ. ನಮ್ಮ ಯಜಮಾನರು ತೀರಿಹೋದ ಮೇಲೆ ಕ್ಯಾತ್ಸಂದ್ರದ ಈ ಮನೆಯಲ್ಲಿ ನಾನೊಬ್ಬಳೇ. ದಿನವೂ ತೊಳೆಯುವುದು ಒಂದೇ ತಟ್ಟೆ. ರೈಲು ನಿಂತ ಸದ್ದಾದರೆ ಬಾಗಿಲ ಕಡೆ ನೋಡುತ್ತೇನೆ — ಯಾರು ಬರಬೇಕು? ಹೋದ ವಾರ ಮಗಳು ಬಂದು ಉಪ್ಪಿಟ್ಟು ಮಾಡಿ ಮುಂದಿಟ್ಟಳು. ನೀನು ಮೊದಲು ತಿನ್ನು ಅಂದೆ. ಅವಳು ನಗುತ್ತ ತಿಂದಳು. ನಾನು ನಗಲಿಲ್ಲ. ಅವಳು ನುಂಗುವವರೆಗೂ ಅವಳ ಗಂಟಲನ್ನೇ ನೋಡುತ್ತಿದ್ದೆ.

ಇದು ಅಮ್ಮನಿಗೆ ಬಂದ ಕಾಯಿಲೆಯೋ, ಅಲ್ಲವೋ, ಗೊತ್ತಿಲ್ಲ. ಈ ಸಲ ಡಾಕ್ಟರಿಗೆ ಎಲ್ಲ ಹೇಳುತ್ತೇನೆ, ಮಗಳಿಗೂ. ಅದಕ್ಕೆ ಮೊದಲು ಸಿ.ಎಸ್. ಪುರಕ್ಕೆ ಬಂದು, ಅಂದು ಎಲೆ ಮುಚ್ಚಿದವರ ಮನೆಮನೆಗೂ ಹೋಗಿ ನಿಜ ಹೇಳುತ್ತೇನೆ. ಕೊನೆಗೆ ನಿನ್ನ ಮನೆ. ನೀನು ಬಡಿಸಿದರೆ ಉಣ್ಣುತ್ತೇನೆ, ಬಡಿಸದಿದ್ದರೆ ಎದ್ದು ಬರುತ್ತೇನೆ.

ಮುಂದೊಂದು ದಿನ ನಾನೂ ನಿನ್ನ ಮೇಲೆ ಕೂಗಾಡಿದರೆ ಅದನ್ನು ಕಾಯಿಲೆ ಎಂದುಕೋ. ಅಮ್ಮನದೂ ಕಾಯಿಲೆಯೇ. ಆದರೆ ಅವತ್ತು ಎಲೆಗೆ ಕೈ ಅಡ್ಡ ಹಿಡಿದಾಗ ನನ್ನ ಬುದ್ಧಿ ನೆಟ್ಟಗೇ ಇತ್ತು.